ಪದ್ಮಿನಿಯಲ್ಲಿ ನೇತಾಡುತ್ತಿದ್ದ ಟೇಪ್‌ರೆಕಾರ್ಡರ್

ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳ ಬಗ್ಗೆ ಬರೆಯುವವರು ಅದರ ಬಣ್ಣ, ಹೊರಗೆ ಅಂಟಿಕೊಂಡ ಮೀಟರು, ತಲೆಯ ಮೇಲಿನ ಕ್ಯಾರಿಯರ್ ಎಲ್ಲವನ್ನೂ ನೆನೆಯುತ್ತಾರೆ. ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಪಟ್ಟಿಯಲ್ಲಿ ನೇತಾಡುತ್ತಿದ್ದ ಟೇಪ್‌ರೆಕಾರ್ಡರನ್ನು ಮಾತ್ರ ಮರೆತುಬಿಡುತ್ತಾರೆ. ನನಗೆ ಕೇಳಿದರೆ ಆ ಗಾಡಿಯ ಚರಿತ್ರೆಯಲ್ಲಿ ಕಾಲು ಪಾಲಾದರೂ ಆ ಡಬ್ಬಿಯದ್ದೇ. ಗಾಡಿ ಕಂಪನಿಯದು, ಹಾಡು ಮಾತ್ರ ನಮ್ಮ ಖರ್ಚಿನದು! ಹಾಗಾಗಿ ರಿಪೇರಿಯೂ ನಮ್ಮದೇ.

ಈ ಕಥೆ ಹಳೆಯದು. 1930ರಲ್ಲಿ ಅಮೆರಿಕದ ಶಿಕಾಗೋದ ಗ್ಯಾಲ್ವಿನ್ ಸೋದರರು ಕಾರಿಗೆ ಅಂತಲೇ ಒಂದು ರೇಡಿಯೋ ಮಾಡಿ ‘ಮೋಟರೋಲಾ’ ಅಂತ ಹೆಸರಿಟ್ಟರು. ಮೋಟಾರು ಗಾಡಿಯ ‘ಮೋಟರ್’, ಗ್ರಾಮಫೋನಿನ ‘ವಿಕ್ಟ್ರೋಲಾ’, ಎರಡೂ ಸೇರಿ ಆದ ಹೆಸರು. ಅದನ್ನು ಕೂರಿಸುವುದೇ ದೊಡ್ಡ ರಾಮಾಯಣ. ಬೇರೆ ಬ್ಯಾಟರಿ ಬೇಕು, ಏರಿಯಲ್ಲಿಗೆ ಜಾಗ ಮಾಡಬೇಕು, ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾಡಿನ ನಡುವೆ ಪಟಪಟ ಅನ್ನದಂತೆ ಸಪ್ರೆಸರ್ ಹಾಕಬೇಕು. ಕಾರು ಮಾಡಿದವನು ರೇಡಿಯೋ ಇರುತ್ತೆ ಅಂತ ಎಣಿಸಿಯೇ ಇರಲಿಲ್ಲವಲ್ಲ!

ನಮ್ಮಲ್ಲಿ ಈ ಸ್ಥಿತಿ ಬಹಳ ಕಾಲ ಮುಂದುವರಿಯಿತು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯಟ್ 1100 ಡಿಲೈಟ್ 1964ರಲ್ಲಿ ಬಂತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಇವೆಲ್ಲ ಸಾಮಾನ್ಯವಾಗಿ ಮೂಕ ಗಾಡಿಗಳಾಗಿಯೇ ಮನೆಗೆ ಬರುತ್ತಿದ್ದವು. 1980ರ ದಶಕದ ಮಧ್ಯದ ತನಕ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಲೈಸೆನ್ಸ್ ಹಣ ಕಟ್ಟುತ್ತಿದ್ದ ದೇಶ ನಮ್ಮದು. ಇನ್ನು ವಿದೇಶಿ ಕಾರ್ ಸ್ಟೀರಿಯೋ ಅಂದರೆ, 1991ರ ಉದಾರೀಕರಣದ ಮುಂಚೆ, ಸುಂಕವೇ ಸೆಟ್ಟಿಗಿಂತ ಭಾರ. ಅದು ಬರುತ್ತಿದ್ದದ್ದು ಗಲ್ಫಿನಿಂದ ಬಂದ ಭಾವನ ಪೆಟ್ಟಿಗೆಯಲ್ಲಿ, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮನೀಷ್ ಮಾರ್ಕೆಟ್ಟಿನಿಂದ. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಕೆಟ್ಟರೆ ಯಾರ ಹತ್ತಿರ ಹೋಗುತ್ತೀರಿ? ಸ್ಕ್ರೂಡ್ರೈವರ್ ಹಿಡಿಯಲೇಬೇಕು. ನಮ್ಮ ಜನ ಹುಟ್ಟಾ ಜಾಣರು ಅಂತ ಹೊಗಳುವವರು ಇದನ್ನು ಸ್ವಲ್ಪ ಗಮನಿಸಬೇಕು. ಜಾಣತನ ಕಲಿಸಿದ್ದು ಕಸ್ಟಮ್ಸ್ ಇಲಾಖೆ :)

ಹೆಚ್ಚಿನ ಕಾಯಿಲೆಗಳಿಗೆ ಮನೆ ಮದ್ದೇ ಸಾಕಾಗುತ್ತಿತ್ತು. ಹಾಡು ನಿಧಾನವಾಗಿ, ಹಾಡುವವರು ನಿದ್ದೆಗಣ್ಣಿನಲ್ಲಿದ್ದಂತೆ ಕೇಳಿಸಿದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ ಅಂತ ಅರ್ಥ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖಕ್ಕೆ ಅದು ಹಿಗ್ಗದೆ ಇರುತ್ತದೆಯೇ? ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಳೇ ಬೆಲ್ಟ್ ತೋರಿಸಿದರೆ ಅದೇ ಅಳತೆಯದ್ದು ಸಿಗುತ್ತಿತ್ತು. ದನಿ ಮಂಕಾದರೆ ಹೆಡ್ಡಿನ ಮೇಲೆ ಕ್ಯಾಸೆಟ್ಟಿನ ಕಂದು ಪುಡಿ ಕೂತಿದೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಬೇಕು, ಪಕ್ಕದ ರಬ್ಬರ್ ರೋಲರನ್ನೂ ಬಿಡಬಾರದು. ಆಮೇಲೂ ತಾಳದ ಚಿಣ್‌ಚಿಣ್ ಕೇಳದಿದ್ದರೆ ಹೆಡ್ಡಿನ ಬದಿಯ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಿವಿಯನ್ನೇ ಮೀಟರ್ ಮಾಡಿಕೊಂಡು. ಕನ್ನಡ ಭಾವಗೀತೆಗಳು 1978ರ ‘ನಿತ್ಯೋತ್ಸವ’ದೊಂದಿಗೆ ಕ್ಯಾಸೆಟ್ಟಿಗೆ ಬಂದವಷ್ಟೆ. ಊರಿಂದ ತಂದ ಅಂಥ ಒಂದು ಕ್ಯಾಸೆಟ್ಟನ್ನು ಮೆಷೀನು ನುಂಗಿಬಿಟ್ಟರೆ ಇನ್ನೊಂದು ಮುಂಬಯಿಯಲ್ಲಿ ಎಲ್ಲಿಂದ ತರುವುದು? ಮುಂದಿನ ರಜೆಯ ತನಕ ಕಾಯಬೇಕು. ಅದಕ್ಕೇ ಹೆಡ್ ಒರೆಸುವುದು ನಮಗೆ ಬರೀ ಹವ್ಯಾಸ ಆಗಿರಲಿಲ್ಲ.

ಆಕ್ಸಿಲರೇಟರ್ ಒತ್ತಿದಂತೆ ‘ಕುಂಯ್’ ಅನ್ನುವ ಸದ್ದು ಏರಿದರೆ ಅದು ಡೈನಮೋದ್ದು, ಆಮೇಲಿನ ಗಾಡಿಗಳಲ್ಲಿ ಆಲ್ಟರ್ನೇಟರಿನದ್ದು. ಕಂಡೆನ್ಸರ್ ಹಾಕುವ ಮೊದಲು ಅರ್ಥ್ ತಂತಿ ಬಿಚ್ಚಿ, ಬಾಡಿಯ ಬಣ್ಣ ಕೆರೆದು, ಮತ್ತೆ ಬಿಗಿದು ನೋಡಬೇಕು. ಅರ್ಧಕ್ಕರ್ಧ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಜಪಾನಿನ ಹಳೇ ಸೆಟ್ಟುಗಳದ್ದು ಇನ್ನೊಂದು ತಮಾಷೆ. ಅಲ್ಲಿನ ಎಫ್‌ಎಂ ಆಗ 76ರಿಂದ 90 ಮೆಗಾಹರ್ಟ್ಸ್ ತನಕ ಇತ್ತು, ನಮ್ಮದು 88ರಿಂದ 108. ಮುಂಬಯಿಯಲ್ಲಿ ಖಾಸಗಿ ಎಫ್‌ಎಂ ಶುರುವಾದಾಗ ರೇಡಿಯೋ ಸಿಟಿ, ಮಿರ್ಚಿ ಎರಡೂ 90ರ ಮೇಲೆಯೇ. ಅಂದರೆ ಎಷ್ಟು ಒಳ್ಳೆ ಸೆಟ್ಟಾದರೂ ಕಿವುಡೇ! ಏರಿಯಲ್ಲಿಗೂ ಸೆಟ್ಟಿಗೂ ನಡುವೆ ‘ಬ್ಯಾಂಡ್ ಎಕ್ಸ್‌ಪಾಂಡರ್’ ಅನ್ನುವ ಬೆಂಕಿಪೊಟ್ಟಣದಂಥ ಡಬ್ಬಿ ಸೇರಿಸಿದರೆ ಕಿವಿ ಬರುತ್ತಿತ್ತು.

ಈ ರಿಪೇರಿಯನ್ನು ನಮ್ಮಂಥ ಸಾಮಾನ್ಯರ ಕೈಗೆ ತಂದದ್ದು ಎರಡು ಸಂಗತಿ. ಒಂದು, ಜರ್ಮನರ ಡಿನ್ ಅಳತೆ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಈ ಕಿಂಡಿ 1980ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಕಂಪನಿಯ ಸೆಟ್ಟಾದರೂ ಯಾವ ಕಾರಿಗಾದರೂ ಕೂರುವಂತಾಯಿತು. ಎರಡನೆಯದು ತಂತಿಗಳ ಬಣ್ಣ. ಹೊರಗೆ ಸಿಗುವ ಸೆಟ್ಟುಗಳಲ್ಲಿ ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟಿಗೆ, ಕಪ್ಪು ಅರ್ಥಿಗೆ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರಿಗೆ. ಪ್ರತಿ ಸಲ ಗಾಡಿ ನಿಲ್ಲಿಸಿದಾಗ ಸೆಟ್ಟು ಟೈಮು, ಸ್ಟೇಷನ್ನು ಮರೆಯುತ್ತದೆಯೇ? ಹಳದಿ ತಂತಿಯ ಫ್ಯೂಸ್ ನೋಡಿ. ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆಯೇ? ಕೆಂಪನ್ನೂ ಯಾರೋ ನೇರ ಬ್ಯಾಟರಿಗೆ ಕೊಟ್ಟಿರಬಹುದು. ಒಂದು ಎಚ್ಚರಿಕೆ: ಹಳೇ ರೇಡಿಯೋಗಳಲ್ಲಿ ಸ್ಪೀಕರಿಗೆ ಒಂದೇ ತಂತಿ ಎಳೆದು ಇನ್ನೊಂದು ತುದಿಯನ್ನು ಬಾಡಿಗೆ ಕೊಡುವುದಿತ್ತು. ಹೊಸ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಔಟ್‌ಪುಟ್ ಇರುವುದರಿಂದ ಆ ಹಳೇ ಅಭ್ಯಾಸ ಐಸಿಗೇ ಕುತ್ತು.

ಈಗಿನ ಗಾಡಿಗಳಲ್ಲಿ ಆ ಕಿಂಡಿಯೇ ಹೋಗುತ್ತಿದೆ. ಹಾಡು, ಹಿಂದಿನ ಕ್ಯಾಮೆರಾ, ಎಷ್ಟೋ ಕಡೆ ಎಸಿ ಕೂಡ ಒಂದೇ ಸ್ಕ್ರೀನಿನಲ್ಲಿ. ತಂತಿಯಲ್ಲಿ ಹರಿಯುವುದು ಬರೀ ಕರೆಂಟಲ್ಲ, ಕಂಪ್ಯೂಟರುಗಳ ಮಾತುಕತೆ. ಬಣ್ಣ ನೋಡಿ ಅದನ್ನು ಕೇಳಿಸಿಕೊಳ್ಳಲು ಆಗುವುದಿಲ್ಲ. ಪರಿಚಯದವರೊಬ್ಬರ ಕಾರಿನ ಸ್ಕ್ರೀನಿನ ಒಂದು ಮೂಲೆ ಸ್ಪರ್ಶಕ್ಕೆ ಬಗ್ಗದೆ ಹೋದಾಗ ಸರ್ವಿಸ್ ಸೆಂಟರಿನವರು ಇಡೀ ಯೂನಿಟ್ಟನ್ನೇ ಬದಲಿಸಬೇಕು ಅಂದರು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಪೋರ್ಟಲ್ ತೆರೆದಾಗ ವಾಹನಗಳನ್ನೂ ಸೇರಿಸಿಕೊಂಡಿತು. ಒಳ್ಳೆಯದೇ. ಆದರೆ ಬಿಡಿಭಾಗ, ನಕ್ಷೆ ಎರಡೂ ಸಿಗದೆ ಬರೀ ಹಕ್ಕಿನಿಂದ ಸ್ಕ್ರೂ ಬಿಚ್ಚಲು ಬರುವುದಿಲ್ಲ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ಟ್ಯಾಕ್ಸಿಗಳಾಗಿ ಓಡುವುದು ನಿಂತಿತು. ನಿಮ್ಮ ಅಟ್ಟದ ಮೇಲೆ ಅಂಥದ್ದೊಂದು ಕ್ಯಾಸೆಟ್ ಸೆಟ್ಟು ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ಮುಚ್ಚಳ ಬಿಚ್ಚಿ ನೋಡಿ. ಹೆಚ್ಚಿನ ಸಲ ಬೆಲ್ಟ್ ಕರಗಿ ಟಾರಿನಂತೆ ಅಂಟಿಕೊಂಡಿರುತ್ತದೆ ಅಷ್ಟೆ. ಸ್ಪಿರಿಟಿನಲ್ಲಿ ಒರೆಸಿ ಹೊಸದು ಹಾಕಿ, ಹನ್ನೆರಡು ವೋಲ್ಟ್ ಕೊಟ್ಟರೆ ಹಾಡೀತು.