ಎಂ9 ಕೊಳ್ಳಲೋ ಬೇಡವೋ?

ಫೋರ್ಟ್‌ನ ಅಂಗಡಿಯೊಂದರಲ್ಲಿ ಹಳೆಯ ಲೈಕಾ ಎಂ9 ನೋಡಿ ಬಂದಾಗಿನಿಂದ ನಿದ್ದೆಯಿಲ್ಲ. ಸೋದರಮಾವ ಬಿಟ್ಟುಹೋದ ಲೈಕಾ ಲೆನ್ಸ್ ಬೀರುವಿನಲ್ಲಿ ಸುಮ್ಮನೆ ಕೂತಿದೆ, ಅದಕ್ಕೇ ಈ ಚಪಲ.

ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಈ ರೇಂಜ್‌ಫೈಂಡರನ್ನು ಮೊದಲು ಡಿಜಿಟಲ್ ಮಾಡಿದ್ದು ಲೈಕಾ ಅಲ್ಲ, ಪ್ರಿಂಟರ್ ಮಾರುವ ಎಪ್ಸನ್! 2004ರ ಆರ್-ಡಿ1ಗೆ 6 ಮೆಗಾಪಿಕ್ಸೆಲ್. ರೀಲೇ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಲಿವರ್ ಎಳೆಯಬೇಕು. 2006ರಲ್ಲಿ ಬಂದ ಲೈಕಾ ಎಂ8 ಅತಿಗೆಂಪು ಕಿರಣ ತಡೆಯಲಾರದೆ ಕಪ್ಪು ಕೋಟನ್ನು ನೇರಳೆ ಮಾಡುತ್ತಿತ್ತು. ಕಂಪನಿಯೇ ಫಿಲ್ಟರ್ ಹಂಚಬೇಕಾಯಿತು. 2009ರ ಎಂ9ನಲ್ಲಿ ಪೂರ್ತಿ 35 ಎಂಎಂ ಚೌಕಟ್ಟು, 18 ಮೆಗಾಪಿಕ್ಸೆಲ್. ಆದರೆ ಸೆನ್ಸರ್ ಮೇಲಿನ ಗಾಜೇ ಕೊರೆದುಹೋಗುವ ಕಾಯಿಲೆ.

ಸೆನ್ಸರ್ ಬದಲಾಯಿಸಿದ ರಶೀದಿ ಕೇಳಿದೆ. ಅಂಗಡಿಯಾತ ತಲೆ ಕೆರೆದುಕೊಂಡ. 30 ವರ್ಷ ಅಡಮಾನದ ಕಾಗದ ನೋಡಿದ ಕಣ್ಣು, ಏನು ಮಾಡಲಿ? ಬೇಡ ಅಂದು ಬಂದೆ. ಲೆನ್ಸನ್ನು ಮಾತ್ರ ಒರೆಸಿಟ್ಟಿದ್ದೇನೆ.