ಟರ್ಬೊ ಚಕ್ರ ಯಾವ ಲೋಹದ್ದು? ಕೆಂಪಗೆ ಕಾದರೂ ಬಗ್ಗದ ಮಿಶ್ರಲೋಹಗಳ ಬಗ್ಗೆ ತಿಳಿದಿರಬೇಕಾದ್ದು

ದೋಹಾ: ಒಂದು ಕಾಲದಲ್ಲಿ ಇಲ್ಲಿ ಟರ್ಬೊ ಅಂದ್ರೆ ಡೀಸೆಲ್ ಲಾರಿ, ಬಸ್ಸು, ಸೈಟಿನ ಜನರೇಟರ್. ದೊಡ್ಡ ಪೆಟ್ರೋಲ್ ಗಾಡಿಗಳಲ್ಲಿ ಟರ್ಬೊ ಇಲ್ಲದ ವಿ8 ಇಂಜಿನ್ನೇ ರಾಜ. ಈಗ ಹಾಗಿಲ್ಲ. 2021ರಲ್ಲಿ ಬಂದ ಲ್ಯಾಂಡ್ ಕ್ರೂಸರ್ 300ರಲ್ಲೂ, 2024ರಲ್ಲಿ ಬಂದ ಹೊಸ ನಿಸಾನ್ ಪ್ಯಾಟ್ರೋಲ್‌ನಲ್ಲೂ ವಿ8 ಜಾಗಕ್ಕೆ 3.5 ಲೀಟರ್‌ನ ವಿ6 ಇಂಜಿನ್ ಬಂದಿದೆ, ಒಂದೊಂದಕ್ಕೆ ಎರಡೆರಡು ಟರ್ಬೊ. ಸನಾಯ್ಯದ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದು ಬರೀ ಮಾಡೆಲ್ ಬದಲಾವಣೆ ಅಲ್ಲ. ಡೀಸೆಲ್ ಇಂಜಿನ್ನಿನ ಹೊಗೆ ಸಾಮಾನ್ಯವಾಗಿ 700ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ, ಪೆಟ್ರೋಲ್ ಇಂಜಿನ್ನಿನದು ಜೋರಾಗಿ ಓಡಿಸುವಾಗ 950 ದಾಟುತ್ತದೆ. ಆ ವ್ಯತ್ಯಾಸವನ್ನು ತಡೆದುಕೊಳ್ಳಬೇಕಾದ್ದು ಲೋಹ. ಲೋಹ ಸರಿ ಇಲ್ಲದ ಡೂಪ್ಲಿಕೇಟ್ ಟರ್ಬೊ ಹಾಕಿ ಅದು ಒಡೆದರೆ, ಬೈಗುಳ ಬೀಳುವುದು ಮಾರಿದವನಿಗಲ್ಲ, ಕೂರಿಸಿದ ಮೆಕ್ಯಾನಿಕ್ಕಿಗೆ.

ಟರ್ಬೊದಲ್ಲಿ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಒಂದನ್ನು ಸೈಲೆನ್ಸರ್‌ಗೆ ಹೋಗುವ ಹೊಗೆ ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಕಾರಿನೊಳಗೆ ಹಿಡಿಸುವಷ್ಟು ಚಿಕ್ಕದು, ಅಷ್ಟು ವೇಗದ್ದು ಆಗಬೇಕಾದರೆ ಲೋಹ ಮೊದಲು ಬರಬೇಕಿತ್ತು.

ವೇಗದ ಲೆಕ್ಕ ನೋಡಿ. 60 ಮಿಲಿಮೀಟರ್ ಅಗಲದ ಚಕ್ರ ನಿಮಿಷಕ್ಕೆ 1,50,000 ಸುತ್ತು ಹೊಡೆದರೆ ಅದರ ಅಂಚು ಸೆಕೆಂಡಿಗೆ ಸುಮಾರು 470 ಮೀಟರ್ ಓಡುತ್ತದೆ, ಶಬ್ದಕ್ಕಿಂತ ಜೋರು. ಅಂಚಿನಲ್ಲಿರುವ ಒಂದೇ ಒಂದು ಗ್ರಾಂ ಲೋಹವನ್ನು ಹಿಡಿದಿಡಲು ಸುಮಾರು 750 ಕಿಲೋ ತೂಕದಷ್ಟು ಬಲ ಬೇಕು. ಇಷ್ಟೆಲ್ಲ ಚಕ್ರ ಕೆಂಪಗೆ ಕಾದಿರುವಾಗ! ಸಾಮಾನ್ಯ ಉಕ್ಕು 600 ಡಿಗ್ರಿಯ ಹೊತ್ತಿಗೇ ಸೋಲುತ್ತದೆ. ಕರಗುವುದಿಲ್ಲ, ಆದರೆ ಎಳೆದ ಕಡೆಗೆ ದಿನದಿನಕ್ಕೆ ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತದೆ. ಇಂಜಿನಿಯರ್‌ಗಳು ಇದಕ್ಕೆ ಕ್ರೀಪ್ ಅನ್ನುತ್ತಾರೆ. ಎಲೆಯ ತುದಿ ಗೋಡೆಗೆ ಉಜ್ಜಿದ ದಿನ ಆಟ ಮುಗೀತು.

ಅದಕ್ಕೇ ಬಿಸಿ ಕಡೆಯ ಚಕ್ರಕ್ಕೆ ನಿಕ್ಕಲ್ ಮಿಶ್ರಲೋಹ. ಬಹಳ ಕಡೆ ಬಳಸುವುದು ಇನ್‌ಕೊನೆಲ್ 713ಸಿ. ಇದರಲ್ಲಿ 70 ಶೇಕಡಕ್ಕಿಂತ ಹೆಚ್ಚು ನಿಕ್ಕಲ್, 12-13ರಷ್ಟು ಕ್ರೋಮಿಯಂ, 6ರ ಆಸುಪಾಸು ಅಲ್ಯೂಮಿನಿಯಂ, ಜೊತೆಗೆ ಮಾಲಿಬ್ಡಿನಮ್, ನಯೋಬಿಯಂ, ಚೂರು ಟೈಟಾನಿಯಂ. ಪಾತ್ರೆ ಮಾಡುವ ಮೆತ್ತನೆ ಅಲ್ಯೂಮಿನಿಯಂ ಇಲ್ಲಿ ಏನು ಮಾಡುತ್ತದೆ ಅಂತ ಕೇಳಬಹುದು. ಇಡೀ ಗುಟ್ಟು ಅಲ್ಲೇ ಇದೆ. ಅದು ನಿಕ್ಕಲ್ ಜೊತೆ ಸೇರಿ ಲೋಹದ ಒಳಗೆ ಕಣ್ಣಿಗೆ ಕಾಣದ ಗಟ್ಟಿ ಕಣಗಳನ್ನು ಒತ್ತೊತ್ತಾಗಿ ಕಟ್ಟುತ್ತದೆ. ಗಾಮಾ ಪ್ರೈಮ್ ಅನ್ನುವ ಈ ಕಣಗಳ ವಿಚಿತ್ರ ಅಂದ್ರೆ, ಸುಮಾರು 700-800 ಡಿಗ್ರಿವರೆಗೆ ಕಾದಷ್ಟೂ ಇವು ಗಟ್ಟಿಯಾಗುತ್ತವೆ. ಕ್ರೋಮಿಯಂ, ಅಲ್ಯೂಮಿನಿಯಂ ಎರಡೂ ಮೇಲೆ ತೆಳು ಆಕ್ಸೈಡ್ ಪದರ ಕಟ್ಟಿ, ಹೊಗೆ ಲೋಹವನ್ನು ತಿನ್ನದಂತೆ ಕಾಯುತ್ತವೆ.

ಇದನ್ನು ಮಾಡೋದು ಮೇಣದ ಅಚ್ಚಿನ ಎರಕದಲ್ಲಿ, ಕಂಚಿನ ವಿಗ್ರಹ ಎರೆಯುವ ಅದೇ ಹಳೆಯ ಉಪಾಯ. ಒಂದು ವ್ಯತ್ಯಾಸ: ಕರಗಿಸುವುದು ಗಾಳಿ ತೆಗೆದ ಕುಲುಮೆಯಲ್ಲಿ, ಇಲ್ಲದಿದ್ದರೆ ಅಲ್ಯೂಮಿನಿಯಂ, ಟೈಟಾನಿಯಂ ಅಲ್ಲೇ ಸುಟ್ಟು ಕಸವಾಗುತ್ತವೆ. ಖರ್ಚು ಹೆಚ್ಚುವುದು ಇಲ್ಲೇ, ಕಳ್ಳತನ ನಡೆಯುವುದೂ ಇಲ್ಲೇ. ನಮ್ಮಲ್ಲಿ 1973ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮಿಧಾನಿ ಇಂಥ ಲೋಹಗಳನ್ನು ಮಾಡುತ್ತದೆ. ಬೆಂಗಳೂರಿನ ಎಚ್‌ಎಎಲ್ ಫೌಂಡ್ರಿಗೂ ಈ ಜಾತಿಯ ಲೋಹ ಹೊಸದಲ್ಲ. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟುಗಳಲ್ಲಿ ತಿರುಗುವ ದೈತ್ಯ ಟರ್ಬೈನುಗಳ ಎಲೆಗಳೂ ಇದೇ ನಿಕ್ಕಲ್ ಕುಟುಂಬದವು. ಅಳತೆ ಬೇರೆ, ಕಷ್ಟ ಒಂದೇ.

ಚಕ್ರವನ್ನು ಮುಚ್ಚುವ ಬಸವನಹುಳದಂಥ ಮನೆ ಬೇರೆ ಲೋಹದ್ದು. ಡೀಸೆಲ್‌ನಲ್ಲಿ ಸಿಲಿಕಾನ್, ಮಾಲಿಬ್ಡಿನಮ್ ಸೇರಿಸಿದ ಎರಕದ ಕಬ್ಬಿಣ ಸಾಕಾಗುತ್ತದೆ. ಪೆಟ್ರೋಲಿಗೆ ನಿಕ್ಕಲ್ ಹೆಚ್ಚಿರುವ ಕಬ್ಬಿಣ, ಇಲ್ಲವೇ ಕ್ರೋಮಿಯಂ-ನಿಕ್ಕಲ್ ಇರುವ ಶಾಖನಿರೋಧಕ ಸ್ಟೀಲ್. ಶಾಫ್ಟ್ ಮಾತ್ರ ಮಾಮೂಲು ಗಟ್ಟಿ ಉಕ್ಕು, ಚಕ್ರಕ್ಕೆ ಬೆಸುಗೆ ಹಾಕಿದ್ದು. ಗಾಳಿ ಕಡೆಯ ಚಕ್ರ ಅಲ್ಯೂಮಿನಿಯಂ. ತಣ್ಣನೆ ಕಡೆ ಅಂತ ಹೆಸರಷ್ಟೇ: ದೋಹಾದಲ್ಲಿ 2010ರ ಜುಲೈನಲ್ಲಿ 50.4 ಡಿಗ್ರಿ ದಾಖಲಾಗಿತ್ತು. 50 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಅದು ಹೊರಬರುವಾಗ 150 ಡಿಗ್ರಿಯಷ್ಟಾಗುತ್ತದೆ. ಜೊತೆಗೆ ಮರಳು. ಏರ್ ಫಿಲ್ಟರ್ ಹರಿದಿದ್ದರೆ ಯಾವ ಮಿಶ್ರಲೋಹವೂ ಕಾಪಾಡೋದಿಲ್ಲ.

ಹಗುರ ಚಕ್ರಕ್ಕಾಗಿ ಟೈಟಾನಿಯಂ ಅಲ್ಯೂಮಿನೈಡ್ ಕೂಡ ಇದೆ, ತೂಕ ನಿಕ್ಕಲ್ ಲೋಹದ ಅರ್ಧದಷ್ಟು. ಮಿತ್ಸುಬಿಷಿ 1990ರ ದಶಕದ ಕೊನೆಗೆ ಲ್ಯಾನ್ಸರ್ ಇವಲ್ಯೂಷನ್‌ನಲ್ಲಿ ಹಾಕಿತ್ತು. ದುಬಾರಿ, ಪೆಟ್ಟು ಬಿದ್ದರೆ ಬಿರುಕು ಬಿಡುವ ಸ್ವಭಾವ. ಹಾಗಾಗಿ ಇನ್ನೂ ಎಲ್ಲೆಡೆ ಬಂದಿಲ್ಲ.

ಹಾಗಾದ್ರೆ ಗ್ಯಾರೇಜಿನಲ್ಲಿ ಗುರುತು ಹಿಡಿಯೋದು ಹೇಗೆ? ಬಣ್ಣ, ಆಕಾರ, ಪೆಟ್ಟಿಗೆ ನೋಡಿ ಆಗದು. ಒಂದು ಸಣ್ಣ ಅಯಸ್ಕಾಂತ ತಗೊಳ್ಳಿ. ಶಾಫ್ಟಿಗೆ ಅದು ಅಂಟುತ್ತದೆ, ಬೆಸುಗೆ ದಾಟಿ ಚಕ್ರದ ಮೂಗಿಗೆ ಹಿಡಿದರೆ ಅಂಟಬಾರದು. ಅಂಟಿದರೆ ಅದು ನಿಕ್ಕಲ್ ಲೋಹ ಅಲ್ಲ, ವಾಪಸ್ ಕೊಡಿ. ಅಂಟಲಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೂ ಅಯಸ್ಕಾಂತ ಹಿಡಿಯೋದಿಲ್ಲ. ಖಾತ್ರಿ ಬೇಕಿದ್ದರೆ ಪಿಎಂಐ ಗನ್. ಎಕ್ಸ್‌ರೇ ಬಿಟ್ಟು ಯಾವ ಧಾತು ಎಷ್ಟು ಅಂತ ಕೆಲವೇ ಸೆಕೆಂಡಿನಲ್ಲಿ ತೋರಿಸುತ್ತದೆ. ಪ್ಲಾಂಟುಗಳಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿರುವವರಿಗೆ ಇದು ದಿನನಿತ್ಯದ ಉಪಕರಣ.

ಒಡೆದ ಟರ್ಬೊ ಕೈಗೆ ಬಂದಾಗ ಮುದೀರ್ ಕೂಗಾಡುವ ಮೊದಲು ಫೋಟೊ ತೆಗೆದಿಡಿ. ಶಾಫ್ಟ್ ನೀಲಿಗಟ್ಟಿದ್ದರೆ ಎಣ್ಣೆ ಸಿಕ್ಕಿಲ್ಲ, ಚಕ್ರದ ಲೋಹದ ತಪ್ಪಲ್ಲ. ಶಾಫ್ಟಿನ ಸುತ್ತ ಎಣ್ಣೆ ಕರಟಿ ಕಪ್ಪಾಗಿದ್ದರೆ, ಜೋರಾಗಿ ಓಡಿಸಿ ಬಂದವರು ಒಂದೆರಡು ನಿಮಿಷ ಐಡಲ್ ಬಿಡದೆ ಇಂಜಿನ್ ಆಫ್ ಮಾಡುತ್ತಿದ್ದಾರೆ ಅನ್ನೋ ಸಂಶಯಕ್ಕೆ ಜಾಗ ಇದೆ. ಗಾಳಿ ಚಕ್ರದ ಬೆನ್ನು ಕಿತ್ತಳೆ ಸಿಪ್ಪೆಯಂತೆ ತರಿತರಿ ಆಗಿದ್ದರೆ ಮಿತಿ ಮೀರಿದ ವೇಗ. ಬೇರಿಂಗ್ ಚೆನ್ನಾಗಿದ್ದು, ಎಣ್ಣೆ ಶುದ್ಧವಾಗಿದ್ದು, ಬಿಸಿ ಕಡೆಯ ಎಲೆಗಳು ಮಾತ್ರ ಉದ್ದವಾಗಿ ಗೋಡೆಗೆ ಉಜ್ಜಿದ್ದರೆ, ಇಲ್ಲವೇ ಬುಡದಿಂದಲೇ ಕಿತ್ತು ಹೋಗಿದ್ದರೆ, ಆಗ ಲೋಹದ ಮೇಲೆ ಅನುಮಾನ ಪಡಿ. ಹೊಗೆ ಅತಿಯಾಗಿ ಕಾದಿದ್ದರೂ ಹೀಗಾಗಬಹುದು, ಆದ್ದರಿಂದ ಇಂಜಿನ್ ಟ್ಯೂನಿಂಗನ್ನೂ ನೋಡಿಸಿ. ಟರ್ಬೊ ಬಿಲ್ಲು, ಪಾರ್ಟ್ ನಂಬರ್, ಒಡೆದ ಚಕ್ರದ ಚೂರು, ಮೂರನ್ನೂ ಇಟ್ಟುಕೊಳ್ಳಿ. ಆ ಚೂರನ್ನು ಕಬ್ಬಿಣದ ರೇಟಿಗೆ ಗುಜರಿಗೆ ಹಾಕಬೇಡಿ. ಅದರಲ್ಲಿ ಮುಕ್ಕಾಲು ಪಾಲು ನಿಕ್ಕಲ್.