ಲಾಗಿನ್ ಶೆಲ್ ಬದಲಾವಣೆ: ದಾರಿ ತಪ್ಪಿದರೆ ಪ್ರವೇಶವೇ ಇಲ್ಲ

ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಬಳಕೆದಾರರ ಆದೇಶಗಳನ್ನು ಓದಿ ಕಾರ್ಯಗತಗೊಳಿಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಖಾತೆಯನ್ನು ಪ್ರವೇಶಿಸಿದೊಡನೆ ತಾನಾಗಿ ಚಾಲನೆಗೊಳ್ಳುವುದೇ ಲಾಗಿನ್ ಶೆಲ್. ಇದನ್ನು ಬದಲಿಸಲು ಒಂದು ಸಾಲಿನ ಆದೇಶ ಸಾಕು. ಆದರೆ ಆ ಸಾಲಿನಲ್ಲಿ ತಪ್ಪು ವಿಳಾಸ ನಮೂದಾದರೆ ಸ್ವಂತ ಖಾತೆಗೇ ಮರಳಿ ಪ್ರವೇಶ ದೊರೆಯದು.

ಹಲವು ಬಗೆಯ ಶೆಲ್‌ಗಳು

ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ 1979ರಲ್ಲಿ ಯುನಿಕ್ಸ್‌ನ 7ನೇ ಆವೃತ್ತಿಯೊಡನೆ ಹೊರಬಂದಿತು. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ 1989ರಲ್ಲಿಯೂ, ಪಾಲ್ ಫಾಲ್‌ಸ್ಟಾಡ್ ಬರೆದ ಝಡ್ ಶೆಲ್ 1990ರಲ್ಲಿಯೂ ಬಂದವು. ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಬ್ಯಾಶ್ ಇದ್ದರೆ, ಆಪಲ್ ಸಂಸ್ಥೆಯು 2019ರ ಕೆಟಲಿನಾ ಆವೃತ್ತಿಯಿಂದ ಹೊಸ ಖಾತೆಗಳಿಗೆ ಝಡ್ ಶೆಲ್ ನೀಡುತ್ತಿದೆ.

ದಾಖಲೆ ಎಲ್ಲಿದೆ?

ಲಿನಕ್ಸ್‌ನಲ್ಲಿ ಸ್ಥಳೀಯ ಖಾತೆಗಳ ವಿವರವು ಇಟಿಸಿ ಕಡತಕೋಶದ ಪಾಸ್‌ವರ್ಡ್ ಕಡತದಲ್ಲಿರುತ್ತದೆ. ಪ್ರತಿ ಖಾತೆಗೂ ಒಂದು ಸಾಲು. ಸಾಲಿನಲ್ಲಿ ವಿವರಣ ಚಿಹ್ನೆಯಿಂದ ಬೇರ್ಪಟ್ಟ ಏಳು ಅಂಕಣಗಳು:

ಓದುಗ:ಎಕ್ಸ್:1001:1001:ಓದುಗ:/ಹೋಂ/ಓದುಗ:/ಬಿನ್/ಬ್ಯಾಶ್

ಏಳನೆಯ ಅಂಕಣವೇ ಲಾಗಿನ್ ಶೆಲ್‌ನ ವಿಳಾಸ. ಅನುಮತಿ ಪಡೆದ ಶೆಲ್‌ಗಳ ಪಟ್ಟಿಯು ಅದೇ ಕಡತಕೋಶದ ಶೆಲ್ಸ್ ಎಂಬ ಕಡತದಲ್ಲಿದೆ.

ಬದಲಿಸುವ ಕ್ರಮ

ಮೊದಲು ಹೊಸ ಶೆಲ್ ಗಣಕದಲ್ಲಿ ಸ್ಥಾಪಿತವಾಗಿದೆಯೇ, ಅದರ ವಿಳಾಸವೇನು ಎಂಬುದನ್ನು ಶೆಲ್ಸ್ ಪಟ್ಟಿಯಲ್ಲಿ ನೋಡಬೇಕು. ಅನಂತರ ಈ ಆದೇಶ ನೀಡಬೇಕು. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವುದನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸುವುದು:

ಸಿಎಚ್‌ಎಸ್‌ಎಚ್ -ಎಸ್ /ಬಿನ್/ಝಡ್‌ಎಸ್‌ಎಚ್

ಸಾಮಾನ್ಯವಾಗಿ ಗುಪ್ತಪದ ಕೇಳಲಾಗುತ್ತದೆ. ಬದಲಾವಣೆಯು ಮುಂದಿನ ಪ್ರವೇಶದಿಂದ ಜಾರಿಗೆ ಬರುತ್ತದೆ. ತೆರೆದಿರುವ ಕಿಟಕಿಯಲ್ಲಿ ಹಳೆಯ ಶೆಲ್ಲೇ ಮುಂದುವರಿಯುತ್ತದೆ. ಲಿನಕ್ಸ್‌ನಲ್ಲಿ ಬೇರೊಬ್ಬರ ಶೆಲ್ ಬದಲಿಸಲು ನಿರ್ವಾಹಕರು ಯೂಸರ್‌ಮಾಡ್ ಆದೇಶವನ್ನೂ ಬಳಸಬಹುದು. ಕೇಂದ್ರೀಯ ಸರ್ವರ್‌ನಿಂದ ಖಾತೆಗಳನ್ನು ನೀಡುವ ಕಚೇರಿಗಳಲ್ಲಿ ಬದಲಾವಣೆಯನ್ನು ಆ ಸರ್ವರ್‌ನಲ್ಲೇ ಮಾಡಬೇಕಾಗುತ್ತದೆ.

ಅಪಾಯ ಎಲ್ಲಿದೆ?

ಪಟ್ಟಿಯಲ್ಲಿಲ್ಲದ ಶೆಲ್ಲನ್ನು ಸಾಮಾನ್ಯ ಬಳಕೆದಾರರು ಆಯ್ದರೆ ಸಿಎಚ್‌ಎಸ್‌ಎಚ್ ನಿರಾಕರಿಸುತ್ತದೆ. ಆದರೆ ಯೂಸರ್‌ಮಾಡ್ ಈ ಪಟ್ಟಿಯನ್ನು ನೋಡುವುದಿಲ್ಲ. ಪಾಸ್‌ವರ್ಡ್ ಕಡತವನ್ನು ನೇರವಾಗಿ ತಿದ್ದುವಾಗಲಂತೂ ಯಾವ ತಡೆಯೂ ಇಲ್ಲ. ಒಂದೇ ಶೆಲ್ ಎಲ್ಲೆಡೆ ಒಂದೇ ಜಾಗದಲ್ಲಿರುವುದಿಲ್ಲ ಎಂಬುದೂ ಗಮನಾರ್ಹ. ಫ್ರೀಬಿಎಸ್‌ಡಿಯಲ್ಲಿ ಝಡ್ ಶೆಲ್ ಇರುವುದು ಯುಎಸ್‌ಆರ್ ಕಡತಕೋಶದ ಲೋಕಲ್ ಭಾಗದಲ್ಲಿ. ಲಿನಕ್ಸ್‌ನ ವಿಳಾಸವನ್ನು ಅಲ್ಲಿ ನಕಲು ಮಾಡಿದರೆ ಫಲಿಸದು.

ಬಳಕೆಯಲ್ಲಿರುವ ಶೆಲ್ಲನ್ನೇ ಗಣಕದಿಂದ ತೆಗೆದುಹಾಕುವುದು ಇನ್ನೊಂದು ಪ್ರಮಾದ. ಶೆಲ್ ಇಲ್ಲದ ಖಾತೆಗೆ ಓಪನ್ ಎಸ್‌ಎಸ್‌ಎಚ್ ಮೂಲಕ ದೂರದಿಂದ ಪ್ರವೇಶಿಸಲು ಯತ್ನಿಸಿದರೆ, ಗುಪ್ತಪದ ಸರಿಯಿದ್ದರೂ ಸರ್ವರ್ ಒಳಗೆ ಬಿಡುವುದಿಲ್ಲ.

ಆದ್ದರಿಂದ ಬದಲಾವಣೆಯ ನಂತರ ಹಳೆಯ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಪ್ರವೇಶಿಸಿ ಪರೀಕ್ಷಿಸಬೇಕು. ವಿಫಲವಾದರೆ ಹಳೆಯ ಕಿಟಕಿಯಿಂದಲೇ ಸರಿಪಡಿಸಬಹುದು. ರೂಟ್ ಖಾತೆಯ ಶೆಲ್ಲನ್ನು ಬದಲಿಸದಿರುವುದೇ ಕ್ಷೇಮ.

ಬಾಗಿಲು ಮುಚ್ಚಿದರೆ?

ನಿರ್ವಾಹಕ ಅಧಿಕಾರವಿರುವ ಬೇರೊಂದು ಖಾತೆಯಿಂದ ಪ್ರವೇಶಿಸಿ, ಯೂಸರ್‌ಮಾಡ್ ಮೂಲಕ ಹಳೆಯ ಶೆಲ್ಲನ್ನು ಮರುಸ್ಥಾಪಿಸಬಹುದು. ಅಂಥ ಖಾತೆ ಇಲ್ಲದಿದ್ದರೆ ಗಣಕವನ್ನು ದುರಸ್ತಿ ಸ್ಥಿತಿಯಲ್ಲಿ ಚಾಲನೆಗೊಳಿಸಿ ಏಳನೆಯ ಅಂಕಣವನ್ನು ತಿದ್ದಬೇಕಾಗುತ್ತದೆ.

ಇದೇ ಗುಣ ಭದ್ರತೆಗೂ ಒದಗುತ್ತದೆ. ಮಾನವರು ಪ್ರವೇಶಿಸಬೇಕಿಲ್ಲದ ಸೇವಾ ಖಾತೆಗಳಿಗೆ ನೋಲಾಗಿನ್ ಎಂಬ ತಂತ್ರಾಂಶವನ್ನು ಶೆಲ್ ಆಗಿ ನಮೂದಿಸಲಾಗುತ್ತದೆ. ಪ್ರವೇಶಿಸಲೆತ್ನಿಸಿದವರಿಗೆ ಅದು ನಿರಾಕರಣೆಯ ಸಂದೇಶ ತೋರಿಸಿ ಮುಕ್ತಾಯಗೊಳ್ಳುತ್ತದೆ.